ಆಡೋರು ದಡ್ಡರಲ್ಲ, ಗುರು

(1)

ಈ ಸರಣಿ ಸ್ವಲ್ಪ ಉದ್ದ ಇದೆ. ಲೈಕ್ ಒತ್ತಿ ಮುಂದೆ ಹೋಗೋರು ಈಗಲೇ ಹೋಗಿ, ಬೇಜಾರಿಲ್ಲ. ಆಟ ಮಾಡೋರು, ಮಾಡಬೇಕು ಅಂದ್ಕೊಂಡಿರೋರು ಮಾತ್ರ ಕೂತ್ಕೊಂಡು ಓದಿ.

ಒಂದು ತಿಂಗಳಿಂದ ನಮ್ಮ ಕ್ಲಾಸಿಗೆ ಅಕ್ಷರದ ಹಾರರ್ ಆಟಗಳ ಹುಚ್ಚು ಹಿಡಿದಿದೆ. ಚಿತ್ರ ಇಲ್ಲ, ಸೌಂಡ್ ಇಲ್ಲ, ಬರೀ ಅಕ್ಷರ. ಕತ್ತಲೆ ಮನೆ, ಬೀಗ ಹಾಕಿದ ಕೋಣೆ. ನೀವು ಟೈಪ್ ಮಾಡಬೇಕು, ಇಲ್ಲಾ ಲಿಂಕ್ ಒತ್ತಬೇಕು, ಒಗಟು ಬಿಡಿಸಿ ಹೊರಗೆ ಬರಬೇಕು. ನನಗೆ ಇದು ತುಂಬಾ ಖುಷಿ ಕೊಟ್ಟಿರೋ ವಿಷಯ. ಆದ್ರೆ ಇದರ ಜೊತೆಗೇ ಒಂದು ಕೆಟ್ಟ ಚಟ ಶುರುವಾಗಿದೆ. ಆಟ ಮಾಡಿದವನು ಗೆಳೆಯನ ಕೈಗೆ ಲ್ಯಾಪ್‌ಟಾಪ್ ಕೊಡ್ತಾನೆ. ಎರಡು ನಿಮಿಷಕ್ಕೆ ಅವನು ಸ್ಟಕ್ ಆಗ್ತಾನೆ. ತಕ್ಷಣ ಹಿಂದಿನಿಂದ ಮಾತು: "ಲೋ, ಇಷ್ಟೂ ಗೊತ್ತಾಗಲ್ವೇನೋ?" ಸುತ್ತ ನಿಂತವರು ಹೋ ಅಂತ ನಗ್ತಾರೆ.

ಹೋದ ವಾರ ಲ್ಯಾಬಲ್ಲಿ ಒಬ್ಬಳು ಜೂನಿಯರ್ ಹೀಗೇ ನಗೆಪಾಟಲಾಗಿ ಎದ್ದು ಹೋದಳು. ಆಟ ಇಂಗ್ಲಿಷಲ್ಲಿತ್ತು. ಮುಂದೆ ಹೋಗೋಕೆ 'ಪ್ರೈ' ಅಂತಲೇ ಟೈಪ್ ಮಾಡಬೇಕಿತ್ತು, ಅಂದ್ರೆ ಹಾರೆ ಹಾಕಿ ಮೀಟಿ ಎಬ್ಬಿಸೋದು. ಅವಳು 'ಓಪನ್' ಅಂದಳು, 'ಪುಲ್' ಅಂದಳು, 'ಬ್ರೇಕ್' ಅಂದಳು, ಕೊನೆಗೆ 'ಕಿಕ್' ಕೂಡ ಅಂದಳು. ನಾಲ್ಕೂ ಸರಿಯಾದ ಯೋಚನೆಗಳೇ. ನಾಲ್ಕಕ್ಕೂ ಆಟ "ಅರ್ಥ ಆಗಲಿಲ್ಲ" ಅಂತು. ಅರ್ಥ ಆಗದೇ ಇದ್ದದ್ದು ಆಟಕ್ಕೆ, ದಡ್ಡಿ ಅನ್ನಿಸ್ಕೊಂಡಿದ್ದು ಅವಳು. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಈ ನಗುವನ್ನ ಕಾಲೇಜಿಗೆ ಕಾಲಿಟ್ಟ ದಿನದಿಂದ ಕೇಳ್ತಾ ಇದಾರೆ. ಆಟ ಆಡುವಾಗಲೂ ಕೇಳಬೇಕಾ?

ಈ ಸರಣಿಯಲ್ಲಿ ನಾನು ಹೇಳೋದು ಒಂದೇ ಮಾತು. ಟೆಸ್ಟ್ ಮಾಡೋರು ಸ್ಟಕ್ ಆದರೆ ತಿದ್ದಬೇಕಾಗಿರೋದು ಆಟವನ್ನ, ಅವರನ್ನಲ್ಲ.

(2)

ನಗೋರಿಗೆ ಈ ಆಟಗಳು ಹುಟ್ಟಿದ ಕತೆ ಗೊತ್ತಿಲ್ಲ ಅನ್ಸುತ್ತೆ. 1976ರ ಸುಮಾರಿಗೆ ವಿಲ್ ಕ್ರೌದರ್ ಅನ್ನೋ ಅಮೆರಿಕದ ಪ್ರೋಗ್ರಾಮರ್ 'ಅಡ್ವೆಂಚರ್' ಬರೆದ. ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ ನಕ್ಷೆ ಮಾಡಿದ್ದ ಮನುಷ್ಯ ಅವನು. ಆ ಗುಹೆಯನ್ನೇ ಅಕ್ಷರದಲ್ಲಿ ಕಟ್ಟಿದ. ಯಾರಿಗೋಸ್ಕರ? ತನ್ನ ಇಬ್ಬರು ಚಿಕ್ಕ ಹೆಣ್ಣುಮಕ್ಕಳಿಗೋಸ್ಕರ. ಕಂಪ್ಯೂಟರ್ ಗೊತ್ತಿಲ್ಲದವರೂ ಹೆದರದೆ ಕೂತು ಆಡಬೇಕು ಅನ್ನೋದು ಅವನ ಉದ್ದೇಶ. ಇಡೀ ಪ್ರಕಾರ ಹುಟ್ಟಿದ್ದೇ 'ಗೊತ್ತಿಲ್ಲದವರಿಗೆ' ಅಂತ. ಅದನ್ನ ಇಟ್ಕೊಂಡು ನೀವು ಗೊತ್ತಿಲ್ಲದವರನ್ನ ಆಡ್ಕೋತೀರ.

ಮುಂದಿನ ವರ್ಷ ಎಂಐಟಿಯಲ್ಲಿ 'ಜೋರ್ಕ್' ಶುರುವಾಯ್ತು. ಅದರಲ್ಲಿ ದೀಪ ಇಲ್ಲದೆ ಕತ್ತಲಲ್ಲಿ ಹೆಜ್ಜೆ ಇಟ್ಟರೆ ತಳ ಇಲ್ಲದ ಗುಂಡಿಗೆ ಬಿದ್ದು ಸಾಯಬೇಕಿತ್ತು. ಆಮೇಲೆ ಒಂದು ಆಕ್ಷೇಪ ಬಂತು. ಮನೆಯ ಅಟ್ಟದಲ್ಲೂ ಗುಂಡಿಗೆ ಬೀಳ್ತೀವಲ್ಲ, ಅಟ್ಟದಲ್ಲಿ ಗುಂಡಿ ಇದ್ರೆ ಅದು ಕೆಳಗಿನ ಕೋಣೆಯ ಸೂರಲ್ಲಿ ಕಾಣಬೇಕಲ್ವಾ? ಎಂಥ ತಲೆಹರಟೆ ಪ್ರಶ್ನೆ ನೋಡಿ! ನಮ್ಮ ಲ್ಯಾಬಲ್ಲಾಗಿದ್ರೆ "ಸುಮ್ನೆ ಆಡೋ" ಅಂತಿದ್ರು. ಅಲ್ಲಿ ಡೇವ್ ಲೆಬ್ಲಿಂಗ್ ಗುಂಡಿಗಳನ್ನ ತೆಗೆದು ಅದರ ಬದಲು 'ಗ್ರೂ' ಅನ್ನೋ ಪ್ರಾಣಿಯನ್ನ ತಂದ. ಕತ್ತಲಲ್ಲಿ ಮಾತ್ರ ಇರುತ್ತೆ, ಬೆಳಕಿಗೆ ಹೆದರುತ್ತೆ, ಅದರ ಬಾಯಿಂದ ಉಳಿದು ಬಂದವರು ತೀರಾ ಕಡಿಮೆ. ಅಕ್ಷರದ ಆಟಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಭೂತ ಅದು. ಒಂದು ಕೊಕ್ಕೆ ಪ್ರಶ್ನೆಯಿಂದ ಹುಟ್ಟಿದ್ದು.

ಇಂಥ ಆಟಗಳನ್ನ ಬರೆಯೋಕೆ 1993ರಲ್ಲಿ 'ಇನ್ಫಾರ್ಮ್' ಅನ್ನೋ ಭಾಷೆ ಮಾಡಿದ ಗ್ರಹಾಂ ನೆಲ್ಸನ್ ಆಡುವವರ ಹಕ್ಕುಗಳು ಅಂತ ಒಂದು ಪಟ್ಟಿಯನ್ನೇ ಬರೆದಿದ್ದಾನೆ. ಸೂಚನೆ ಇಲ್ಲದೆ ಕೊಲ್ಲಬಾರದು. ಹಿಂದಿನ ಸಲ ಸತ್ತು ತಿಳ್ಕೊಂಡ ವಿಷಯ ಇಲ್ಲದೆಯೂ ಗೆಲ್ಲೋಕೆ ಆಗಬೇಕು. ಬರೆದವನ ತಲೆಯಲ್ಲಿರೋ ಅದೇ ಒಂದು ಕ್ರಿಯಾಪದ ಟೈಪ್ ಮಾಡಬೇಕು ಅನ್ನೋ ಕಾಟ ಇರಬಾರದು. 'ಪ್ರೈ' ಗೆಳೆಯರು ಈ ಕೊನೇದನ್ನ ಇನ್ನೊಂದು ಸಲ ಓದ್ಕೊಳ್ಳಿ.

(3)

ಬೇರೆ ಆಟಗಳಿಗಿಂತ ಹಾರರ್ ಆಟಕ್ಕೆ ಇದು ಹೆಚ್ಚು ಮುಖ್ಯ. ಯಾಕೆ ಹೇಳ್ತೀನಿ.

ಭಯ ಬರೋದು ಮೊದಲನೇ ಸಲ ಓದುವಾಗ. ಹಿತ್ತಲ ಬಾಗಿಲ ಆಚೆಯಿಂದ ಯಾರೋ ನಿಮ್ಮ ಅಮ್ಮನ ದನಿಯಲ್ಲಿ ಕರೀತಾರೆ, ಅಮ್ಮ ಊರಲ್ಲಿದಾರೆ. ಈ ಸಾಲು ಬಂದಾಗ ಮೈ ಜುಮ್ ಅನ್ನುತ್ತೆ. ಕೀಲಿ ಎಲ್ಲಿದೆ ಅಂತ ಗೊತ್ತಾಗದೆ ಅದೇ ಕೋಣೆಗೆ ಹದಿನೈದನೇ ಸಲ ಬಂದು ಅದೇ ಸಾಲು ಓದಿದ್ರೆ? ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಆಗುತ್ತೆ. ದೆವ್ವ ನಾಲ್ಕನೇ ಸಲ ಕತ್ತು ಹಿಸುಕಿದಾಗ ಯಾರೂ ಹೆದರಲ್ಲ, ವಾಟ್ಸಾಪ್ ತೆಗೀತಾರೆ. ಅಂದ್ರೆ ನೀವು ರಾತ್ರಿಯೆಲ್ಲ ಕೂತು ಬರೆದ ಆ ಭಯಾನಕ ಪ್ಯಾರಾವನ್ನ ಕೊಂದಿದ್ದು ನಿಮ್ಮದೇ ಒಗಟು.

ಇನ್ನೊಂದು ಸಂಗತಿ ಇದೆ, ಇದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಒಬ್ಬರು ಒಂದು ಹಾರರ್ ಆಟಕ್ಕೆ ಹೊಸಬರಾಗಿರೋದು ಒಂದೇ ಸಲ. ಬೆಂಕಿಕಡ್ಡಿ ಥರ, ಗೀರಿದ್ರೆ ಮುಗೀತು. ಎರಡನೇ ಸಲ ಆಡುವಾಗ ಅಟ್ಟದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರುತ್ತೆ. ಕ್ಲಾಸಲ್ಲಿ 60 ಜನ ಇದ್ರೆ ಅರ್ಧ ಜನರಿಗೆ ನಿಮ್ಮ ಸ್ಟೇಟಸ್ ನೋಡಿಯೇ ಕತೆ ಗೊತ್ತು. ಉಳಿದವರಲ್ಲಿ ಆಡೋಕೆ ಒಪ್ಪೋರು ಎಷ್ಟು ಜನ? ಅಂಥವರೊಬ್ಬರು ಬಂದು ಕೂತಾಗ ಅವರ ಕಿವಿಯಲ್ಲಿ "ಅದಲ್ಲ, ಪಕ್ಕದ ಬೀರು ನೋಡು" ಅಂತ ಊದಿದ್ರೆ ಒಂದು ಕಡ್ಡಿ ಸುಮ್ನೆ ಹೋಯ್ತು. ಆಡಿಕೊಂಡು ನಕ್ಕರೆ ಪೊಟ್ಟಣವೇ ಹೋಯ್ತು. ಯಾಕಂದ್ರೆ ನೋಡ್ತಾ ನಿಂತ ಉಳಿದವರೂ ಇನ್ಮೇಲೆ ನಿಮ್ಮ ಕುರ್ಚಿಯಲ್ಲಿ ಕೂರಲ್ಲ.

"ಬೆಂಕಿ ಗುರು" ಅಂತ ಕಾಮೆಂಟ್ ಹಾಕೋ ಮಹಾನುಭಾವರೇ, ನೀವೂ ಈ ಅಪರಾಧದಲ್ಲಿ ಪಾಲುದಾರರು. ಮೊದಲ ಪರದೆ ದಾಟಿಲ್ಲ ಅಂತ ನಮಗೆ ಗೊತ್ತಾಗುತ್ತೆ ಕಣ್ರೀ. "ಮೂರನೇ ಕೋಣೇಲಿ ಬೋರ್ ಆಯ್ತು, ಮುಚ್ಚಿಬಿಟ್ಟೆ" ಅಂತ ಬರೆಯಿರಿ. ಅದಕ್ಕೆ ಹತ್ತು ಬೆಂಕಿಯ ಬೆಲೆ ಇದೆ.

(4)

ಹಾಗಾದ್ರೆ ಟೆಸ್ಟ್ ಮಾಡಿಸೋದು ಹೇಗೆ? ಬಾಯಿ ಮುಚ್ಕೊಂಡು ಕೂರಬೇಕು, ಅಷ್ಟೇ. ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಪಕ್ಕದಲ್ಲಿ ನೋಟ್‌ಬುಕ್ ಇಟ್ಕೊಳ್ಳಿ. ಅವರು ಎಲ್ಲಿ ನಿಂತರು, ಎಲ್ಲಿ ಓದದೆ ಹಾರಿಸಿದ್ರು, ಎಲ್ಲಿ ನಕ್ಕರು (ನೀವು ಹೆದರಿಸಬೇಕು ಅಂದ್ಕೊಂಡ ಜಾಗದಲ್ಲಿ ನಗ್ತಾರೆ, ತಯಾರಾಗಿರಿ) ಬರ್ಕೊಳ್ಳಿ. ಇನ್ಫಾರ್ಮಲ್ಲಿ ಮಾಡಿದ ಆಟ ಆದ್ರೆ ಟೈಪ್ ಮಾಡಿದ್ದೆಲ್ಲ ಒಂದು ಕಡತದಲ್ಲಿ ಉಳಿಯೋ ಹಾಗೆ ಮಾಡಬಹುದು. ಟೆಸ್ಟ್ ಮಾಡೋರು ಸಾಲಿನ ಮೊದಲಿಗೆ ಒಂದು ನಕ್ಷತ್ರ ಚಿಹ್ನೆ ಹಾಕಿ ತಮ್ಮ ಅನಿಸಿಕೆಯನ್ನ ಅಲ್ಲೇ ಬರೆಯೋ ರೂಢಿ ಇದೆ. ಟ್ವೈನಲ್ಲಿ ಮಾಡೋರಿಗೆ ಆ ಸೌಲಭ್ಯ ಇರಲ್ಲ, ಪರದೆ ರೆಕಾರ್ಡ್ ಮಾಡಿ.

ಕನ್ನಡದಲ್ಲಿ ಟೈಪ್ ಮಾಡಿ ಆಡೋ ಆಟ ಮಾಡೋರಿಗಂತೂ ಟೆಸ್ಟ್ ಮಾಡೋರೇ ನಿಘಂಟು. ನಾನು ಪೈಥಾನಲ್ಲಿ ಬರೀತಿರೋ ಆಟದಿಂದ ಉದಾಹರಣೆ ಕೊಡ್ತೀನಿ. ಇಂಗ್ಲಿಷಲ್ಲಿ ಕ್ರಿಯಾಪದ ಮೊದಲು, ವಸ್ತು ಆಮೇಲೆ. ನಮ್ಮಲ್ಲಿ ಉಲ್ಟಾ. ಅದು ಸುಲಭ. ಕಷ್ಟ ಇರೋದು ಮುಂದೆ. 'ಬಾಗಿಲನ್ನು ತೆರೆ' ಅಂತ ಒಬ್ಬರು, 'ಬಾಗ್ಲು ತೆಗಿ' ಅಂತ ಇನ್ನೊಬ್ಬರು. 'ಬಾಗಿಲು ಹಾಕು' ಅಂದ್ರೆ ಮುಚ್ಚು, 'ಲೈಟ್ ಹಾಕು' ಅಂದ್ರೆ ಹತ್ತಿಸು, 'ಚಿಲಕ ಹಾಕು' ಅಂದ್ರೆ ಭದ್ರ ಮಾಡು. 'ತೆಗೆ' ಅಂತೂ ಬಾಗಿಲಿಗೆ ಒಂದರ್ಥ, ಗೋಡೆಮೇಲಿನ ಫೋಟೋಗೆ ಇನ್ನೊಂದು. ಒಬ್ಬ ಟೆಸ್ಟರ್ 'ದೀಪ ಶಾಂತ ಮಾಡು' ಅಂತ ಟೈಪ್ ಮಾಡಿದಳು. ಅವರ ಮನೇಲಿ ಹಿರಿಯರು ದೀಪ ಆರಿಸು ಅನ್ನೋ ಮಾತನ್ನೇ ಬಾಯಲ್ಲಿ ಆಡಲ್ಲ, ಅಪಶಕುನ. ಹಾರರ್ ಆಟಕ್ಕೆ ಇದಕ್ಕಿಂತ ಒಳ್ಳೆ ಉಡುಗೊರೆ ಬೇಕಾ? ಈಗ ನನ್ನ ಆಟದಲ್ಲಿ 'ಆರಿಸು' ಅಂದ್ರೆ ಒಂದು ಆಗುತ್ತೆ, 'ಶಾಂತ ಮಾಡು' ಅಂದ್ರೆ ಬೇರೆಯೇ ಆಗುತ್ತೆ. ಏನು ಅಂತ ಹೇಳಲ್ಲ.

(5)

ಈಗ ನಿಮ್ಮ ವಾದಕ್ಕೆ ಬರ್ತೀನಿ. "ಒಗಟು ಅಂದ್ಮೇಲೆ ಕಷ್ಟ ಇರಲೇಬೇಕು, ಎಲ್ಲಾ ಬಾಯಿಗೆ ತುತ್ತು ಕೊಡೋಕಾಗುತ್ತಾ?" ಕೊಡಬೇಡಿ. ನಮ್ಮ ಅಜ್ಜಿಯಂದಿರು ಒಗಟು ಹೇಳುವಾಗ ಸುಳಿವೆಲ್ಲ ಒಗಟಿನ ಒಳಗೇ ಇರ್ತಿತ್ತು. ಉತ್ತರ ಕೇಳಿದ್ಮೇಲೆ "ಅಯ್ಯೋ, ಕಣ್ಣ ಮುಂದೇನೇ ಇತ್ತಲ್ಲ" ಅಂತ ಹಣೆ ಚಚ್ಕೋತಿದ್ವಿ. ಅದು ಕಷ್ಟ. ಉತ್ತರ ಕೇಳಿದ್ಮೇಲೆ "ಇದು ಯಾರಿಗೆ ಹೊಳೆಯುತ್ತೆ?" ಅನ್ನಿಸಿದ್ರೆ ಅದು ಕಷ್ಟ ಅಲ್ಲ, ಮೋಸ. ಎರಡಕ್ಕೂ ಇರೋ ವ್ಯತ್ಯಾಸ ಮಾಡಿದವರಿಗೆ ಯಾವತ್ತೂ ಕಾಣಲ್ಲ, ಯಾಕಂದ್ರೆ ಉತ್ತರ ಮೊದಲೇ ಅವರ ಹತ್ರ ಇರುತ್ತೆ.

"ಎಐ ಹತ್ರ ಟೆಸ್ಟ್ ಮಾಡಿಸ್ತೀನಿ" ಅನ್ನೋರಿದೀರಿ. ಮುರಿದ ಲಿಂಕ್ ಹುಡುಕಿಸಿ, ಬೇಡ ಅನ್ನಲ್ಲ. ಆದ್ರೆ ರಾತ್ರಿ 11ಕ್ಕೆ ಕರೆಂಟ್ ಹೋದಾಗ ಬಚ್ಚಲ ಕಡೆ ಒಬ್ಬನೇ ಹೋಗೋಕೆ ಹಿಂಜರಿದ ಅನುಭವ ಅದಕ್ಕಿಲ್ಲ.

(6)

ಕೊನೇದು. ಸ್ಪಾಯ್ಲರ್ ಇದೆ, ನನ್ನ ಆಟ ಆಡೋರು ಈ ಪೋಸ್ಟಿನ ಕೊನೇ ಪ್ಯಾರಾಗೆ ಹೋಗಿ.

ತೊಂಬತ್ತರ ದಶಕದಲ್ಲಿ ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ದ ಕತೆ ಎಲ್ಲರಿಗೂ ಗೊತ್ತು. ದೆವ್ವ ಮನೆಯವರ ದನಿಯಲ್ಲಿ ಕರೆಯುತ್ತೆ, ಬರೆದದ್ದನ್ನ ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತೆ. ಓದು ಬರಹ ಬರೋ ದೆವ್ವ! ಅಕ್ಷರದ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ನನ್ನ ಆಟದಲ್ಲಿ ಮಳೆಗೆ ಬಾಗಿಲ ಮೇಲಿನ ಸೀಮೆಸುಣ್ಣದ ಅಕ್ಷರ ಅಳಿಸಿದೆ. 'ನಾಳೆ' ಹೋಗಿದೆ. 'ಬಾ' ಮಾತ್ರ ಉಳಿದಿದೆ. ಹೊರಗೆ ಹೆಜ್ಜೆ ಸಪ್ಪಳ. ಒಂದು ಚೂರು ಸೀಮೆಸುಣ್ಣ ಹುಡುಕಿ 'ನಾಳೆ' ಅಂತ ಮತ್ತೆ ಬರೆಯೋದು ಒಗಟು. ಒಬ್ಬ ಹುಡುಗ ಒದ್ದೆ ಕೈಯಲ್ಲಿ 'ಬಾ' ಒರೆಸಿಬಿಟ್ಟ, ಅದೂ ಸರಿ. ಇನ್ನೊಬ್ಬಳು ಐದು ನಿಮಿಷ ಸುಮ್ನೆ ಪರದೆ ನೋಡ್ತಾ ಕೂತಿದ್ದಳು. ಸುತ್ತ ನಿಂತವರು ಅವಳು ಸ್ಟಕ್ ಆದಳು ಅಂದ್ಕೊಂಡ್ರು, ಒಬ್ಬ ನಗೋಕೂ ಶುರು ಮಾಡಿದ. ಆಮೇಲೆ ಅವಳು 'ಬಾ' ಮುಂದೆ 'ಗಿಲು' ಅಂತ ಬರೆದಳು. ಬಾಗಿಲು. ಪಾಪ, ದೆವ್ವ ಏನು ತಾನೇ ಮಾಡುತ್ತೆ, ಬಾಗಿಲ ಮೇಲೆ ಬಾಗಿಲು ಅಂತ ಬರೆದಿದೆ! ಆ ದಾರಿ ಈಗ ಆಟದಲ್ಲಿದೆ, ಅಲ್ಲಿಂದ ಮುಂದೆ ಎರಡು ಹೊಸ ಕೋಣೆಗಳೂ ಇವೆ. ಕ್ರೆಡಿಟ್ಸ್‌ನಲ್ಲಿ ಅವಳ ಹೆಸರು ಟೆಸ್ಟರ್ ಅಂತ ಇಲ್ಲ, ಬರೆದವರ ಸಾಲಲ್ಲಿದೆ.

ಶನಿವಾರ ಮಧ್ಯಾಹ್ನ 2ಕ್ಕೆ ಲೈಬ್ರರಿ ಹಿಂದಿನ ಕಟ್ಟೆ ಹತ್ರ ಮೂರು ಜನ ಬೇಕು. ಈ ಆಟ ನೋಡದೇ ಇರೋರು, ಮೇಲಿನ ಸ್ಪಾಯ್ಲರ್ ಓದದೇ ಇರೋರು. ಹಾರರ್ ಇಷ್ಟ ಇಲ್ಲದವರು ಬಂದ್ರೆ ಇನ್ನೂ ಒಳ್ಳೇದು. ಕನ್ನಡ ಟೈಪಿಂಗ್ ನಿಧಾನ ಅಂತ ಹಿಂಜರೀಬೇಡಿ, ಒಂದು ಗಂಟೆ ಟೈಮ್ ಇಟ್ಟಿದೀನಿ. ಮಧ್ಯದಲ್ಲಿ ಬೋರ್ ಆದ್ರೆ ಎದ್ದು ಹೋಗಬಹುದು, ಯಾವ ಜಾಗದಲ್ಲಿ ಎದ್ರಿ ಅಂತ ಮಾತ್ರ ಬರ್ಕೋತೀನಿ. ಕಡ್ಲೆಕಾಯಿ ನನ್ನ ಖರ್ಚು. ನೋಡೋಕೆ ಅಂತ ಬರೋರು ಬರಬೇಡಿ.

#ನಾಳೆಬಾ #ಕನ್ನಡಆಟ #ಬಾಯಿಮುಚ್ಕೊಂಡುಕೂರಿ