ಕೈಯ ವಿದ್ಯೆ

ಮೂಡುಬಿದಿರೆಗೆ ಬಂದ ಯಾತ್ರಿಕರು ಸಾವಿರ ಕಂಬದ ಬಸದಿಯನ್ನು ನೋಡದೆ ಹಿಂದಿರುಗುವುದಿಲ್ಲ. 1430ರ ಸುಮಾರಿಗೆ ಕಟ್ಟಿದ ಈ ಬಸದಿಯ ಕಂಬಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಒಂದರ ಕೆತ್ತನೆ ಇನ್ನೊಂದರಂತಿಲ್ಲವೆಂಬ ಜನರ ಮಾತು ಸುಮ್ಮನೆ ಹುಟ್ಟಿದುದಲ್ಲವೆನಿಸುತ್ತದೆ. ಕಲ್ಲಿನ ಗುಣ, ಅದು ಸೀಳುವ ದಿಕ್ಕು, ಉಳಿಯ ಏಟಿನ ಹದ, ಅಳತೆಯ ಲೆಕ್ಕ ಇವೆಲ್ಲವನ್ನೂ ಬಲ್ಲವರು ಮಾತ್ರ ಇಂತಹ ಕಂಬಗಳನ್ನು ನಿಲ್ಲಿಸಬಲ್ಲರು. ಆ ಶಿಲ್ಪಿಗಳಲ್ಲಿ ಒಬ್ಬರೂ ಕಾಲೇಜಿನ ಪದವಿ ಪಡೆದವರಲ್ಲ. ಹಾಗೆಂದು ಅವರನ್ನು ವಿದ್ಯೆಯಿಲ್ಲದವರೆಂದು ಕರೆಯುವ ಧೈರ್ಯ ಯಾರಿಗಿದೆ?

ಅದೇ ಮೂಡುಬಿದಿರೆ ಇಂದು ಹೆಸರಾಂತ ವಿದ್ಯಾಕೇಂದ್ರ. ದೂರದ ಜಿಲ್ಲೆಗಳಿಂದಲೂ ವಿದ್ಯಾರ್ಥಿಗಳು ಇಲ್ಲಿನ ಕಾಲೇಜುಗಳಿಗೆ ಬರುತ್ತಾರೆ. ಇದು ಹೆಮ್ಮೆಯ ಸಂಗತಿಯೆ. ಆದರೆ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ ಮನೆಮನೆಯಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: "ಯಾವ ಕಾಲೇಜಿಗೆ ಸೇರುವೆ?" "ಯಾವ ಕೆಲಸ ನಿನಗೆ ಪ್ರಿಯ?" ಎಂದು ಕೇಳುವವರು ವಿರಳ. ಕೆಟ್ಟ ಯಂತ್ರವನ್ನು ಬಿಚ್ಚಿ ಜೋಡಿಸುವುದರಲ್ಲಿ ಊಟವನ್ನೂ ಮರೆಯುವ ಹುಡುಗನು ಮನಸ್ಸಿಗೊಪ್ಪದ ಪದವಿಯೊಂದನ್ನು ಹೇಗೋ ಮುಗಿಸುತ್ತಾನೆ. ತಂದೆ ಮಾಡಿದ ಸಾಲ ತೀರುವ ಮುನ್ನವೇ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇತ್ತ ಬೇಸಗೆಯಲ್ಲಿ ಪಂಪು ಕೆಟ್ಟರೆ ಅದನ್ನು ಸರಿಪಡಿಸುವವರು ಸಿಗದೆ ಅವನ ಊರಿನ ಅಡಕೆಯ ತೋಟಗಳು ನೀರಿಗಾಗಿ ಕಾಯುತ್ತವೆ. ಕೆಲಸವಿಲ್ಲದ ಕೈಗಳೂ ಕೈಗಳಿಲ್ಲದ ಕೆಲಸವೂ ಒಂದೇ ಊರಿನಲ್ಲಿರುವುದು ವಿಚಿತ್ರವಲ್ಲವೆ?

ಇದಕ್ಕೆ ದಾರಿಗಳು ಇಲ್ಲದಿಲ್ಲ. ಅವುಗಳನ್ನು ತೋರಿಸುವವರು ಕಡಿಮೆ. ನಮ್ಮ ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ 1950ರಲ್ಲಿಯೇ ಆರಂಭವಾಯಿತು. ಐ.ಟಿ.ಐ. ಎಂದು ನಾವು ಕರೆಯುವ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ವೆಲ್ಡರ್ ವೃತ್ತಿಯನ್ನು ಒಂದು ವರ್ಷದಲ್ಲಿ, ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ವೃತ್ತಿಗಳನ್ನು ಎರಡು ವರ್ಷಗಳಲ್ಲಿ ಕಲಿಯಬಹುದು. ಅನಂತರ 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯಲ್ಲಿ ಶಿಷ್ಯವೇತನ ಪಡೆಯುತ್ತ ಕೆಲಸ ಕಲಿಯಲು ಅವಕಾಶವುಂಟು. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷಗಳ ಡಿಪ್ಲೊಮಾ ಇದೆ. ಮುಂದೆ ಓದುವ ಹಂಬಲ ಹುಟ್ಟಿದರೆ, ಐ.ಟಿ.ಐ.ಯಿಂದ ಡಿಪ್ಲೊಮಾಕ್ಕೂ ಡಿಪ್ಲೊಮಾದಿಂದ ಇಂಜಿನಿಯರಿಂಗ್ ಪದವಿಗೂ ಏರಬಹುದು. ಆದುದರಿಂದ ಕಸುಬನ್ನು ಆರಿಸಿಕೊಂಡವನ ಪಾಲಿಗೆ ಓದಿನ ಬಾಗಿಲು ಮುಚ್ಚಿತೆಂದು ತಿಳಿಯಬಾರದು.

ನೆರೆಯ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ಒಂದು ಹೊಸ ಪ್ರಯೋಗ ನಡೆಯಿತು. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶಿಕ್ಷಣ ಟ್ರಸ್ಟು, ಅಂದಿನ ಸಿಂಡಿಕೇಟ್ ಬ್ಯಾಂಕು ಹಾಗೂ ಕೆನರಾ ಬ್ಯಾಂಕುಗಳು ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿದವು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ ವಸತಿಗಳೊಡನೆ ಉಚಿತವಾಗಿ ಕಸುಬು ಕಲಿಸುವುದು, ಅದರ ಜೊತೆಗೆ ಲೆಕ್ಕ ಇಡುವುದನ್ನೂ ಬ್ಯಾಂಕಿನೊಡನೆ ವ್ಯವಹರಿಸುವುದನ್ನೂ ತಿಳಿಸಿಕೊಡುವುದು, ಅವರು ಸ್ವಂತ ಉದ್ಯೋಗ ಹೂಡುವಾಗ ಬೆನ್ನ ಹಿಂದೆ ನಿಲ್ಲುವುದು ಇದರ ಕ್ರಮ. ಈ ಮಾದರಿಯನ್ನು ಕೇಂದ್ರ ಸರಕಾರವು 2009ರಿಂದೀಚೆಗೆ ದೇಶದ ಜಿಲ್ಲೆ ಜಿಲ್ಲೆಗೂ ವಿಸ್ತರಿಸಿತು. ಕಾರ್ಕಳದ ಬಳಿಯ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ನಡೆಯುವ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹಗಳ ಶಿಲ್ಪವನ್ನು ಕಲಿಸುತ್ತಾರೆ. ಒಂದು ಕಾಲದಲ್ಲಿ ಕೆಲವೇ ಮನೆತನಗಳಲ್ಲಿ ಉಳಿದುಬಂದಿದ್ದ ವಿದ್ಯೆ ಹೀಗೆ ಆಸಕ್ತಿಯುಳ್ಳ ಎಲ್ಲರಿಗೂ ತೆರೆದುಕೊಂಡಿದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿ ಮೂರ್ತಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದುದು ಈ ಕಾರ್ಕಳದ ಬಂಡೆಯಲ್ಲಿಯೆ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ವಿಚಾರಕ್ಕೆ ಒಂದು ಆಕ್ಷೇಪಣೆಯುಂಟು, ಅದು ನ್ಯಾಯವಾದುದೆ. "ಸಿರಿವಂತರ ಮಕ್ಕಳು ಕಾಲೇಜಿಗೆ ಹೋಗಲಿ, ಬಡವರ ಮಕ್ಕಳು ಕಸುಬಿಗೆ ಹೋಗಲಿ ಎಂಬುದೆ ನಿಮ್ಮ ಉಪದೇಶವೆ?" ಎಂದು ಕೂಲಿ ಮಾಡಿ ಮಕ್ಕಳನ್ನು ಓದಿಸುವ ತಾಯಿ ಕೇಳಿದರೆ ಉತ್ತರಿಸುವುದು ಸುಲಭವಲ್ಲ. ಶತಮಾನಗಳ ಕಾಲ ನಮ್ಮಲ್ಲಿ ಕಸುಬನ್ನು ನಿರ್ಧರಿಸಿದುದು ಮನಸ್ಸಲ್ಲ, ಹುಟ್ಟು. ಆ ಸಂಕೋಲೆಯಿಂದ ಎಷ್ಟೋ ಮಂದಿಯನ್ನು ಬಿಡಿಸಿದುದು ಶಾಲಾ ಕಾಲೇಜುಗಳ ಓದು. ಆದುದರಿಂದ ಓದುವ ಆಸೆಯೂ ಶಕ್ತಿಯೂ ಇರುವ ಬಡ ಹುಡುಗಿಯನ್ನು 'ನಿನಗೆ ಹೊಲಿಗೆಯೇ ಸಾಕು' ಎಂದು ತಡೆಯುವುದು ಮಾರ್ಗದರ್ಶನವಲ್ಲ, ಅನ್ಯಾಯ. ಹಾಗೆಯೆ ಮರಗೆಲಸದಲ್ಲಿ ಮನಸ್ಸಿರುವ ವೈದ್ಯರ ಮಗನನ್ನು ಮರ್ಯಾದೆಯ ಹೆಸರಿನಲ್ಲಿ ಕಾಲೇಜಿಗೆ ನೂಕುವುದೂ ಅನ್ಯಾಯವೆ. ದಾರಿ ಯಾವುದೇ ಇರಲಿ, ಅದನ್ನು ತಿಳಿದು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲ ಮಕ್ಕಳಿಗೂ ಇರಬೇಕು.

ವಿದ್ಯಾರ್ಥಿಗಳೆ, ವೈದ್ಯರಾಗಲು, ವಕೀಲರಾಗಲು ಪದವಿ ಬೇಕೇ ಬೇಕು. ಅಂತಹ ಗುರಿಯುಳ್ಳವರು ಧೈರ್ಯವಾಗಿ ಆ ದಾರಿಯಲ್ಲಿ ನಡೆಯಿರಿ. ಬೇರೆ ಗುರಿಯುಳ್ಳವರು ನಾಚಿಕೊಳ್ಳಬೇಡಿರಿ. ಆದರೆ ಕಸುಬಿಗೆ ಗಣಿತವೇಕೆ, ಭಾಷೆಯೇಕೆ ಎಂದು ಇಂದಿನ ಪಾಠಗಳನ್ನು ಕಡೆಗಣಿಸಬೇಡಿರಿ. ವಿದ್ಯುತ್ತಿನ ನಕ್ಷೆಯನ್ನು ಓದಲಾರದವನು ಒಳ್ಳೆಯ ಎಲೆಕ್ಟ್ರಿಷಿಯನ್ ಆಗಲಾರ. ಅಳತೆಯ ಲೆಕ್ಕ ತಪ್ಪುವ ಬಡಗಿ ಮರವನ್ನೂ ಮಾನವನ್ನೂ ಕಳೆದುಕೊಳ್ಳುತ್ತಾನೆ. ರಜೆಯಲ್ಲಿ ಒಂದು ಕಾರ್ಯಾಗಾರಕ್ಕೆ ಹೋಗಿ ನೋಡಿರಿ. ಕೆಲಸ ಬಲ್ಲವರನ್ನು ಕೇಳಿರಿ. ಉಪಾಧ್ಯಾಯರೊಡನೆಯೂ ತಂದೆತಾಯಿಯರೊಡನೆಯೂ ಮನಬಿಚ್ಚಿ ಮಾತನಾಡಿರಿ. ಪದವಿಯಿಲ್ಲದೆ ಗೌರವದಿಂದ ಬಾಳಬಹುದು. ಯಾವ ವಿದ್ಯೆಯೂ ಇಲ್ಲದೆ ಬಾಳುವುದು ಕಷ್ಟ. ಸಾವಿರ ಕಂಬದ ಬಸದಿಯ ಒಂದೊಂದು ಕಂಬವೂ ಆರು ಶತಮಾನಗಳಿಂದ ಈ ಮಾತಿಗೆ ಸಾಕ್ಷಿಯಾಗಿ ನಿಂತಿದೆ.