ಮೀರುವುದೋ, ಮಿಗಿಲಾಗುವುದೋ?

ಪ್ರಗತಿಪತ್ರಗಳಲ್ಲಿಯೂ ಬಹುಮಾನ ವಿತರಣೆಯ ಭಾಷಣಗಳಲ್ಲಿಯೂ ‘ಎಕ್ಸೆಲ್’ ಎಂಬ ಇಂಗ್ಲಿಷ್ ಕ್ರಿಯಾಪದವು ಇಂದು ಧಾರಾಳವಾಗಿ ಬಳಕೆಯಾಗುತ್ತಿದೆ. ಗಣಕಯಂತ್ರದ ಕೊಠಡಿಯಲ್ಲಿ ಅದು ಲೆಕ್ಕದ ಹಾಳೆಯ ಹೆಸರು. ಅನೇಕ ಪಾಲಕರ ಬಾಯಲ್ಲಿ ‘ಎಲ್ಲರನ್ನೂ ಹಿಂದೆ ಹಾಕು’ ಎಂಬ ಆಜ್ಞೆ. ಈ ಆಜ್ಞೆಯ ಭಾರವು ಎಳೆಯ ಮನಸ್ಸುಗಳ ಮೇಲೆ ಬೀಳುತ್ತಿರುವುದರಿಂದ, ಪದದ ನಿಜಾರ್ಥವನ್ನು ವಿಚಾರಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇನೆ.

ಈ ಪದದ ಮೂಲ ಲ್ಯಾಟಿನ್. ಮೇಲಕ್ಕೇಳು, ಉನ್ನತವಾಗಿ ನಿಲ್ಲು ಎಂಬುದು ಅಲ್ಲಿಯ ಭಾವ. ನಮ್ಮ ‘ಉತ್ತಮ’ ಶಬ್ದವೂ ಮೇಲೆ ಎಂಬರ್ಥದ ‘ಉತ್’ ಎಂಬುದಕ್ಕೆ ‘ತಮ’ ಪ್ರತ್ಯಯ ಸೇರಿ ಆದುದು. ಪ್ರಯೋಗವನ್ನು ನೋಡಿದರೆ ‘ಸರ್ಪಾಸ್’, ‘ಔಟ್‌ಡೂ’ ಎಂಬುವು ಸಕರ್ಮಕಗಳು. ಯಾರನ್ನು ಮೀರಿದನೆಂದು ಹೇಳದೆ ವಾಕ್ಯ ಮುಗಿಯದು. ‘ಎಕ್ಸೆಲ್’ ಆದರೋ ಇಂದು ಬಹುಮಟ್ಟಿಗೆ ಅಕರ್ಮಕ. ಗಣಿತದಲ್ಲಿ, ಸಂಗೀತದಲ್ಲಿ ಎಂದು ವಿಷಯವನ್ನು ಸೂಚಿಸಿದರೆ ಸಾಕು. ಕರ್ಮಪದ ಬಂದಾಗಲೂ ಅದು ಹೆಚ್ಚಾಗಿ ‘ತನ್ನನ್ನೇ’ ಎಂಬುದು; ತನ್ನ ನಿನ್ನೆಯ ಸಾಧನೆಯನ್ನು ತಾನೇ ದಾಟುವುದು.

ಕನ್ನಡದಲ್ಲಿಯೂ ಈ ವಿವೇಕವುಂಟು. ‘ಮೀರು’ ಧಾತು ದ್ವಿತೀಯಾ ವಿಭಕ್ತಿಯನ್ನು ಬಯಸುತ್ತದೆ. ಗೆಳೆಯನನ್ನು ಮೀರುವುದೂ, ಹಿರಿಯರ ಮಾತನ್ನು ಮೀರುವುದೂ ಒಂದೇ ಧಾತುವಿನಲ್ಲಿ ಅಡಗಿವೆ. ‘ಮಿಗು’ ಹಾಗಲ್ಲ; ಹೆಚ್ಚಾಗು, ಉಳಿ ಎಂಬೆರಡೂ ಅದರ ಅರ್ಥ. ಮನೆಯವರು ಉಂಡು, ಬಂದವರಿಗೆ ಬಡಿಸಿದ ಮೇಲೂ ಕಣಜದಲ್ಲಿ ಭತ್ತ ಮಿಕ್ಕರೆ ಅದು ಸಮೃದ್ಧಿ. ಅಲ್ಲಿ ಯಾರ ಸೋಲೂ ಇಲ್ಲ.

ಸ್ಪರ್ಧೆಯೇ ಬೇಡವೇ ಎಂದು ಕೆಲವರು ಕೇಳಬಹುದು. ಬೇಕು, ಆದರೆ ಅದರ ಮರ್ಯಾದೆಯನ್ನು ವ್ಯತಿರೇಕಾಲಂಕಾರದಿಂದ ಕಲಿಯಬೇಕು. ಚಂದ್ರನಿಗೆ ಕಳಂಕವುಂಟು, ಈ ಮುಖಕ್ಕಿಲ್ಲ ಎನ್ನುವಾಗ ಉಪಮೇಯವು ಉಪಮಾನಕ್ಕಿಂತ ಮಿಗಿಲಾಗುತ್ತದೆ. ಆದರೆ ಚಂದ್ರನು ಸುಂದರನೆಂಬುದನ್ನು ಒಪ್ಪದಿದ್ದರೆ ಆ ಹೊಗಳಿಕೆಗೆ ಬೆಲೆಯೇ ಇಲ್ಲ. ಎದುರಾಳಿಯನ್ನು ಹೀನನೆಂದು ಕಾಣುವವನ ಗೆಲುವೂ ಹೀನವೇ.

ಕೆ. ಹೊಸಕೋಟೆಯ ಸುತ್ತಲಿನ ತೋಟಗಳಲ್ಲಿ ನೆರಳಿನ ಮರಗಳು ಕಾಫಿ ಗಿಡಕ್ಕಿಂತ ಎಷ್ಟೋ ಎತ್ತರ. ಆ ಎತ್ತರವು ಗಿಡವನ್ನು ಬಿಸಿಲಿನಿಂದ ಕಾಯುತ್ತದೆ. ಉದುರಿದ ತರಗೆಲೆ ಬುಡಕ್ಕೆ ಗೊಬ್ಬರವಾಗುತ್ತದೆ. ನೆರಳು ಅತಿಯಾದಾಗ ಮರಗಸಿ ಮಾಡಿಸಿ ಕೊಂಬೆಗಳನ್ನು ಕಡಿಸುವುದನ್ನೂ ನಮ್ಮ ಬೆಳೆಗಾರರು ಬಲ್ಲರು.

ಆದುದರಿಂದ ನನ್ನದೊಂದು ವಿನಂತಿ. ಅಧ್ಯಾಪಕರು ಪ್ರಗತಿಪತ್ರದಲ್ಲಿ, ವಿದ್ಯಾರ್ಥಿಯು ಯಾರನ್ನು ಮೀರಿದನೆಂಬುದಕ್ಕಿಂತ ಯಾವುದರಲ್ಲಿ, ಎಷ್ಟು ಬೆಳೆದನೆಂಬುದನ್ನು ಬರೆಯಲಿ. ದತ್ತಿ ಬಹುಮಾನಗಳನ್ನು ಸ್ಥಾಪಿಸುವ ಮಹನೀಯರು ಅತ್ಯಧಿಕ ಅಂಕ ಪಡೆದವನ ಜೊತೆಗೆ, ಕಳೆದ ವರ್ಷದ ತನಗಿಂತ ಈ ವರ್ಷ ಹೆಚ್ಚು ಮಿಗಿಲಾದವನಿಗೂ ಒಂದನ್ನು ಮೀಸಲಿಡಲಿ. ಆಗ ಕಡೆಯ ಬೆಂಚಿನ ಮಗುವಿಗೂ ವೇದಿಕೆಯ ಮೆಟ್ಟಿಲು ಹತ್ತುವ ದಿನ ಬಂದೀತು.