ಮೇಲೆ ಥಳುಕು, ಗಾಲಿಯಲ್ಲಿ ಹುಳುಕು!

ದಾವಣಗೆರೆಯಲ್ಲಿ ಈಗ ಕಾರಿಗೆ ಬರವಿಲ್ಲ. ಒಂದು ಕಾಲಕ್ಕೆ ಮಂಡಿಪೇಟೆಯಲ್ಲಿ ಅಂಬಾಸಿಡರ್ ಬಂದು ನಿಂತರೆ ‘ಯಾರ ಮನೇದಪ್ಪಾ ಇದು’ ಅಂತ ಜನ ಕೇಳುತ್ತಿದ್ದರು. ಇವತ್ತು ಅಶೋಕ ರಸ್ತೆಯಲ್ಲಿ ಸೈಕಲ್ ನಿಲ್ಲಿಸಲಿಕ್ಕೂ ಜಾಗ ಹುಡುಕಬೇಕು. ಕಾರು ಹೆಚ್ಚಿದ ಹಾಗೆ ಗಾಜಿನ ಷೋರೂಮುಗಳೂ ಹೆಚ್ಚಿವೆ. ಒಳಗೆ ಕಾಲಿಟ್ಟರೆ ತಣ್ಣನೆ ಗಾಳಿ, ಮೆತ್ತನೆ ಸೋಫಾ, ಪುಕ್ಕಟೆ ಕಾಫಿ. ಕಾರು ಕೊಂಡ ದಿನ ಹಾರ ಹಾಕಿ, ಸಿಹಿ ಹಂಚಿ ಫೋಟೋ ತೆಗೆಯುತ್ತಾರೆ. ಅಲ್ಲಿಗೆ ಮುಂಬಾಗಿಲ ಮರ್ಯಾದೆ ಮುಗಿಯಿತು. ಸರ್ವಿಸಿಗೆ ಬಂದವನಿಗೆ ಇರುವುದು ಹಿಂಬಾಗಿಲು. ಇವತ್ತಿನ ವಿಚಾರ ಆ ಹಿಂಬಾಗಿಲಿನದು.

ನಮ್ಮ ಕಚೇರಿಗೆ ಟ್ಯಾಕ್ಸಿ ಮಾಲೀಕರೊಬ್ಬರು ಬಂದಿದ್ದರು. ಮಾಲೀಕರು ಅಂದಾಕ್ಷಣ ದೊಡ್ಡ ಕುಳ ಅಂದುಕೊಳ್ಳಬೇಡಿ. ಇರುವುದೊಂದೇ ಕಾರು, ಅದಕ್ಕೆ ಅವರೇ ಡ್ರೈವರು, ಮೇಲೆ ಬ್ಯಾಂಕಿನ ಕಂತು. ಕಂಪನಿ ಡೀಲರ ಬಳಿಯೇ ಸರ್ವಿಸ್ ಮಾಡಿಸಿ, 8,640 ರೂಪಾಯಿ ಬಿಲ್ಲು ಕಟ್ಟಿ, ಮಾರನೇ ದಿನ ಬಾಡಿಗೆಗೆ ಹೊರಟರು. ಹರಿಹರ ಇನ್ನೂ ಮುಟ್ಟಿಲ್ಲ, ಸ್ಟೇರಿಂಗು ನಡುಗಲಿಕ್ಕೆ ಹತ್ತಿತು, ಮುಂದಿನ ಎಡಗಾಲಿಯಿಂದ ಗಡಗಡ ಸದ್ದು. ಬದಿಗೆ ಹಾಕಿ ನೋಡಿದರೆ ನಾಲ್ಕು ನಟ್ಟುಗಳಲ್ಲಿ ಎರಡನ್ನು ಕೈಬೆರಳಲ್ಲೇ ತಿರುಗಿಸಬಹುದಿತ್ತು! ಹಿಂದಿನ ಸೀಟಿನಲ್ಲಿ ಚೊಚ್ಚಲ ಬಸುರಿ, ಅವರ ತಾಯಿ. ಇನ್ನೆರಡು ಮೈಲಿ ಹೋಗಿದ್ದರೆ ಈ ಸುದ್ದಿ ಬೇರೆ ಪುಟದಲ್ಲಿ, ಬೇರೆ ರೀತಿ ಬರುತ್ತಿತ್ತು.

ಡೀಲರ ಬಳಿ ವಾಪಸು ಹೋದರೆ ಸಿಕ್ಕ ಉತ್ತರ: ‘ನಮ್ಮಲ್ಲಿ ಹಂಗಾಗಲ್ಲ ಅಣ್ಣಾ, ಹೊರಗೆ ಯಾರೋ ಬಿಚ್ಚಿರ್ಬೇಕು. ನೋಡಿ, ನೀವೇ ಸೈನ್ ಹಾಕೀರಿ.’ ಹೌದು, ಹಾಕಿದ್ದರು. ‘ವಾಹನವನ್ನು ತೃಪ್ತಿಕರವಾಗಿ ಪಡೆದಿದ್ದೇನೆ’ ಅಂತ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಸಾಲಿನ ಕೆಳಗೆ. ಅದೇ ಬಿಲ್ಲಿನಲ್ಲಿ ವೀಲ್ ಬ್ಯಾಲೆನ್ಸಿಂಗಿಗೆ ಬೇರೆ ದುಡ್ಡು ಹಾಕಿದ್ದಾರೆ. ಅಂದರೆ ಗಾಲಿ ಬಿಚ್ಚಿದ್ದು ಖಾತ್ರಿ; ಬಿಗಿದದ್ದಕ್ಕೆ ಮಾತ್ರ ಯಾರೂ ಜವಾಬ್ದಾರರಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ತಪ್ಪು ಎಲ್ಲಿ?

ಮೆಕ್ಯಾನಿಕ್ ಹುಡುಗರನ್ನು ಬೈದು ಮುಗಿಸುವುದು ಸುಲಭ. ಆದರೆ ವಿಷಯ ಅಷ್ಟೇ ಅಲ್ಲ. ಹಳೇ ಪಿ.ಬಿ. ರಸ್ತೆಯ ಗ್ಯಾರೇಜಿಗೆ ಹೋದರೆ ಕೆಲಸ ಮಾಡುವ ಮೇಸ್ತ್ರಿ ಎದುರಿಗೇ ಇರುತ್ತಾನೆ. ‘ಎಡಗಡೆ ತಿರುಗಿಸಿದಾಗ ಕಟಕಟ ಅಂತೈತೆ ನೋಡಪ್ಪಾ’ ಅಂದರೆ ಅವನೇ ಕೂತು ಓಡಿಸಿ ನೋಡುತ್ತಾನೆ. ಡೀಲರ ಬಳಿ ನಿಮಗೂ ಮೆಕ್ಯಾನಿಕ್ಕಿಗೂ ನಡುವೆ ‘ಅಡ್ವೈಸರ್’ ಅಂತ ಒಬ್ಬರು ಇರುತ್ತಾರೆ. ಇಸ್ತ್ರಿ ಅಂಗಿ, ಕೈಯಲ್ಲಿ ಟ್ಯಾಬು. ನೀವು ಹತ್ತು ಮಾತು ಹೇಳಿದರೆ ಅವರು ಎರಡು ಬರೆಯುತ್ತಾರೆ. ಒಳಗಿನ ಹುಡುಗನಿಗೆ ತಲುಪುವುದು ಆ ಎರಡೇ.

ಇನ್ನೊಂದು ಮಾತು. ಹೊಸ ಕಾರು ಮಾರಿದರೆ ಡೀಲರಿಗೆ ಉಳಿಯುವುದು ಸ್ವಲ್ಪ. ಹೊಟ್ಟೆ ತುಂಬುವುದು ಸರ್ವಿಸು, ಬಿಡಿಭಾಗ, ವಿಮೆಗಳಿಂದ ಎಂಬುದು ಈ ವ್ಯಾಪಾರ ಬಲ್ಲವರಿಗೆಲ್ಲ ಗೊತ್ತು. ಹಾಗಾಗಿ ಬಿಲ್ಲು ಎಷ್ಟಾಯಿತು ಅನ್ನುವುದಕ್ಕೆ ಇರುವ ಲೆಕ್ಕ, ನಟ್ಟು ಎಷ್ಟು ಬಿಗಿಯಾಯಿತು ಅನ್ನುವುದಕ್ಕೆ ಇರುವುದಿಲ್ಲ. ಎಂಜಿನ್ ಫ್ಲಶ್, ಎ.ಸಿ.ಗೆ ವಾಸನೆ ಸ್ಪ್ರೇ, ಬಾಡಿಗೆ ಕೋಟಿಂಗು ಅಂತ ಕೇಳದ್ದನ್ನೆಲ್ಲ ಸೇರಿಸುತ್ತಾರೆ. ಕೇಳಿದ್ದು ಮಾತ್ರ ‘ಚೆಕ್ ಮಾಡಿದ್ವಿ ಸಾರ್, ಪ್ರಾಬ್ಲಮ್ ಇಲ್ಲ’ ಆಗುತ್ತದೆ. ಸಂಜೆ ಐದಕ್ಕೆ ಎಲ್ಲರಿಗೂ ಕಾರು ಬೇಕು, ಒಳಗೆ ಕೈ ಸಾಲದು. ಆಗ ತಪ್ಪದೆ ಆಗುವ ಕೆಲಸ ಒಂದೇ, ತೊಳೆಯುವುದು. ಯಾಕಂದರೆ ಗಿರಾಕಿ ಕಣ್ಣಿಗೆ ಕಾಣುವುದು ಅದೊಂದೇ.

ಎಲ್ಲ ಡೀಲರೂ ಹೀಗೇ ಅಂತ ನಾವು ಹೇಳುತ್ತಿಲ್ಲ. ಬಿಚ್ಚಿದ ಹಳೇ ಫಿಲ್ಟರನ್ನು ತಾವಾಗಿಯೇ ತೋರಿಸಿ ಕಳಿಸುವವರೂ ಇದ್ದಾರೆ. ಆದರೆ ಒಳ್ಳೆಯವರು ಸಿಗಲಿ ಅಂತ ದೇವರಿಗೆ ಕೈಮುಗಿದು ಕಾರು ಬಿಡಲಿಕ್ಕೆ ಆಗುತ್ತದೆಯೇ?

ಕಾಗದವೇ ಸಾಕ್ಷಿ

ನಮ್ಮ ವ್ಯಾಪಾರಸ್ಥರು ಒಂದು ಮೂಟೆ ಅಕ್ಕಿ ಇಳಿಸಿಕೊಳ್ಳುವಾಗ ಚೀಟಿ ನೋಡುತ್ತಾರೆ, ತೂಕ ನೋಡುತ್ತಾರೆ, ಆಮೇಲೆ ಸಹಿ. ಅದೇ ಜನ ಲಕ್ಷಗಟ್ಟಲೆಯ ಕಾರು ಬಿಡುವಾಗ ಓದದೆ ಗೀಚಿ ಬರುತ್ತಾರೆ. ಇಲ್ಲೇ ಇರುವುದು ಗುಟ್ಟು. ಜಾಬ್ ಕಾರ್ಡ್ ಅನ್ನುವ ಆ ಹಾಳೆಯೇ ನಿಮ್ಮ ಕರಾರು.

ಬಿಡುವಾಗ: ನಿಮ್ಮ ದೂರು ನೀವು ಹೇಳಿದ ಹಾಗೇ ಅದರಲ್ಲಿ ಬರೆಸಿ. ಓಡಿದ ಕಿಲೋಮೀಟರು, ಪೆಟ್ರೋಲು ಎಷ್ಟಿದೆ, ಎಲ್ಲಿ ಗೀರಿದೆ ಎಲ್ಲ ಬರೆಸಿ. ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಅಂದಾಜು ಮೊತ್ತ ಹಾಕಿಸಿ, ‘ಇದಕ್ಕಿಂತ ಹೆಚ್ಚಾದರೆ ಕೇಳದೆ ಮಾಡಕೂಡದು, ಬದಲಿಸಿದ ಹಳೇ ಭಾಗ ವಾಪಸು ಕೊಡಬೇಕು’ ಅಂತ ಸೇರಿಸಿ. ಒಂದು ಪ್ರತಿ ಇಸಕೊಳ್ಳಿ.

ತರುವಾಗ: ಬಿಲ್ಲು ಆಮೇಲೆ, ಮೊದಲು ಕಾರು. ಆಯಿಲ್ ಕಡ್ಡಿ ಎಳೆದು ನೋಡಿ. ಕಾರು ನಿಂತಿದ್ದ ಜಾಗದಲ್ಲಿ ಆಯಿಲ್ ತೊಟ್ಟಿಕ್ಕಿದೆಯೇ ಬಗ್ಗಿ ನೋಡಿ. ಗಾಲಿ ಬಿಚ್ಚಿದ್ದರೆ ನಿಮ್ಮೆದುರೇ ಇನ್ನೊಮ್ಮೆ ನಟ್ಟು ಬಿಗಿಸಿ. ಬ್ರೇಕು ಹಾಕಿ ಒಂದು ಸುತ್ತು ಓಡಿಸಿ. ಆಮೇಲೆ ಸಹಿ. ತೃಪ್ತಿ ಇಲ್ಲದಿದ್ದರೆ ‘ತೃಪ್ತಿ ಇಲ್ಲ, ಇಂಥ ಕೆಲಸ ಬಾಕಿ’ ಅಂತ ಕನ್ನಡದಲ್ಲೇ ಬರೆದು ಸಹಿ ಹಾಕಿ. ಯಾರೂ ತಡೆಯುವ ಹಾಗಿಲ್ಲ.

ಬಿಲ್ಲಿನ ಮೇಲೆ ತಕರಾರಿದ್ದರೆ ಏನು ಮಾಡಬೇಕು? ಕೂಗಾಡಿ ಕೀ ಕಿತ್ತುಕೊಳ್ಳಬೇಡಿ. 1872ರ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಕೆಲಸ ಮಾಡಿದವನು ಕೂಲಿ ಬರುವ ತನಕ ವಸ್ತು ಇಟ್ಟುಕೊಳ್ಳಬಹುದು. ಆದ್ದರಿಂದ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಅಂತ ಬಿಲ್ಲಿನ ಮೇಲೇ ಬರೆದು, ದುಡ್ಡು ಕಟ್ಟಿ, ಕಾರು ಬಿಡಿಸಿಕೊಳ್ಳಿ. ಜಗಳ ಆಮೇಲೆ ಆಡಬಹುದು.

ಅದೇ ಕಾಯ್ದೆಯ 151ನೇ ಕಲಮು ನಿಮ್ಮ ಪರ ಇದೆ. ಇನ್ನೊಬ್ಬರ ವಸ್ತು ವಶಕ್ಕೆ ತಗೊಂಡವನು ತನ್ನದೇ ವಸ್ತುವಿನಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು ಅನ್ನುತ್ತದೆ ಅದು. ‘ಮಾಲೀಕರ ಜವಾಬ್ದಾರಿ ಮೇಲೆ’ ಅಂತ ಚೀಟಿಯಲ್ಲಿ ಅಚ್ಚು ಹಾಕಿಬಿಟ್ಟರೆ ಇದು ಕರಗಿಹೋಗುವುದಿಲ್ಲ. ದೆಹಲಿಯ ಹೋಟೆಲೊಂದರ ಸಿಬ್ಬಂದಿ ಕೈಗೆ ಕೀ ಕೊಟ್ಟಿದ್ದ ಕಾರು 1998ರಲ್ಲಿ ಕಳುವಾಗಿತ್ತು. ನಿರ್ಲಕ್ಷ್ಯ ಇದ್ದಲ್ಲಿ ಇಂಥ ಚೀಟಿಯ ಹಿಂದೆ ಅಡಗಿಕೊಳ್ಳಲಿಕ್ಕಾಗದು ಅಂತ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು.

ವಾರಂಟಿ ಎಂಬ ಗುಮ್ಮ

‘ಹೊರಗೆ ಕೈ ಹಾಕ್ಸಿದ್ರೆ ವಾರಂಟಿ ಹೋಯ್ತು’ ಅಂತ ಹೆದರಿಸುವುದು ಹಳೇ ವರಸೆ. ಒಬ್ಬ ಗ್ರಾಹಕ 2011ರಲ್ಲಿ ಕೊಟ್ಟ ದೂರಿನಿಂದ ಶುರುವಾದ ವಿಚಾರಣೆ ಮುಗಿಸಿ, ದೇಶದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. ಬಿಡಿಭಾಗ, ರಿಪೇರಿ ಸಲಕರಣೆ ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿ ಗಿರಾಕಿಯನ್ನು ಕಟ್ಟಿಹಾಕಿದ್ದಾರೆ ಎಂಬುದು ಅದರ ಮಾತು. ಕಂಪನಿಗಳು ಮೇಲಿನ ಮೆಟ್ಟಿಲು ಹತ್ತಿದವು, ಕೆಲವರ ದಂಡ ಇಳಿಯಿತು, ಅದು ಬೇರೆ ಮಾತು. ನೀವು ಮಾಡಬೇಕಾದ್ದು ಇಷ್ಟೇ: ವಾರಂಟಿ ಪುಸ್ತಕ ತೆಗೆದು ಓದಿ. ಬಾಯಿಮಾತಿನ ಷರತ್ತನ್ನು ‘ಬರೆದುಕೊಡ್ರಿ’ ಅನ್ನಿ. ಬರೆದುಕೊಡುವುದಿಲ್ಲ ಅಂದರೆ ಆ ಷರತ್ತು ಎಷ್ಟು ಗಟ್ಟಿ ಅನ್ನುವುದು ನಿಮಗೇ ತಿಳಿಯುತ್ತದೆ.

ದೂರು ಕೊಡುವುದು ಹೇಗೆ?

ಮೊದಲು ಡೀಲರ ವರ್ಕ್ಸ್ ಮ್ಯಾನೇಜರಿಗೆ ಬರಹದಲ್ಲಿ ಕೊಡಿ, ಕಂಪನಿಗೂ ಒಂದು ಪ್ರತಿ. ಉತ್ತರ ಬರುವ ಮುಂಚೆ ಅವಸರಪಟ್ಟು ಬೇರೆ ಕಡೆ ಬಿಚ್ಚಿಸಿದರೆ ಸಾಕ್ಷಿ ಹೋಯಿತು. ಬಿಚ್ಚಿಸಲೇಬೇಕಾದರೆ ಫೋಟೋ, ವಿಡಿಯೋ ತೆಗೆದು, ನೋಡಿದ ಮೆಕ್ಯಾನಿಕ್ಕಿನಿಂದ ಲಿಖಿತ ವರದಿ ಪಡೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಕಾಸು ಬೀಳದು, ಕನ್ನಡದಲ್ಲೂ ಮಾತಾಡಬಹುದು.

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 1986ರ ಕಾಯ್ದೆ ಹೋಗಿ 2019ರದ್ದು ಬಂದಿದೆ, 2020ರ ಜುಲೈನಿಂದ ಜಾರಿಯಲ್ಲಿದೆ. ಸರ್ವಿಸ್ ಬೆಂಗಳೂರಿನಲ್ಲೇ ಮಾಡಿಸಿರಲಿ, ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ನೀವು ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ. 2025ರಿಂದ ‘ಇ-ಜಾಗೃತಿ’ ಜಾಲತಾಣದಲ್ಲೇ ದೂರು ಹಾಕುವ ಅನುಕೂಲವಿದೆ. ಎದುರುದಾರ 30 ದಿನದಲ್ಲಿ, ತಪ್ಪಿದರೆ ಇನ್ನು 15 ದಿನದಲ್ಲಿ ಉತ್ತರ ಕೊಡಬೇಕು. ಅದರ ಮೇಲೆ ಒಂದು ದಿನವೂ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರ ಪೀಠ 2020ರಲ್ಲಿ ತೀರ್ಮಾನಿಸಿದೆ.

ಟ್ಯಾಕ್ಸಿ ಓಡಿಸುವವರಿಗೆ ಒಂದು ಮಾತು. ‘ನಿಂದು ಹಳದಿ ಬೋರ್ಡು, ನೀನು ಗ್ರಾಹಕನೇ ಅಲ್ಲ’ ಅಂದರೆ ಹೆದರಬೇಡಿ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವನು ಗ್ರಾಹಕನೇ ಅಂತ ಕಾಯ್ದೆಯೇ ಹೇಳಿದೆ.

ಕಂಪನಿ ಹೆಸರೊಂದನ್ನೇ ಬರೆದು ಡೀಲರನ್ನು ಬಿಟ್ಟರೆ ಕೆಟ್ಟಿರಿ. ಗೋವಾದಲ್ಲಿ ಡೀಲರೊಬ್ಬ ಓಡಿಸಿದ ಹಳೇ ಕಾರನ್ನು ಹೊಸದೆಂದು ಮಾರಿದ ಪ್ರಕರಣದಲ್ಲಿ, ಡೀಲರ ತಪ್ಪು ಕಂಪನಿಗೆ ತಿಳಿದಿತ್ತು ಅಂತ ರುಜುವಾತಾಗದೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಿಲ್ಲಿನ ಮೇಲಿರುವ ಡೀಲರ ಪೂರ್ತಿ ಹೆಸರು, ವಿಳಾಸ ದೂರಿನಲ್ಲಿ ಇರಲೇಬೇಕು.

ಇದೆಲ್ಲ ಹೂವಿನ ಹಾದಿ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಾಯ್ದೆಯ ಪ್ರಕಾರ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥವಾಗಬೇಕು. ಕಾಗದದ ಮೇಲಿನ ತಿಂಗಳಿಗೂ ಕೋರ್ಟಿನ ತಿಂಗಳಿಗೂ ವ್ಯತ್ಯಾಸವಿದೆ, ನಮ್ಮ ಜನಕ್ಕೆ ಹೇಳಿಕೊಡಬೇಕಿಲ್ಲ. ದಿನದ ಬಾಡಿಗೆ ಬಿಟ್ಟು ಅಲೆಯುವುದು ಬಡಪಾಯಿಗೆ ಕಷ್ಟವೇ. ಆದರೂ ನೋಟೀಸು ಬಂದ ಮೇಲೆ ಮೆತ್ತಗಾಗುವ ಡೀಲರು ಬಹಳ. ಆದೇಶ ಆದ ಮೇಲೂ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಹಾಕಲಿಕ್ಕೂ ಅವಕಾಶವಿದೆ.

ತಕ್ಕಡಿಗೆ ಮುದ್ರೆ, ಸ್ಪ್ಯಾನರಿಗೆ?

‘ನಮ್ಮತ್ರ ಕಾರಿಲ್ಲ, ಬಸ್ಸಿಗೆ ಹೋಗೋರು, ನಮಗ್ಯಾಕಪ್ಪ’ ಅನ್ನುವವರಿಗೂ ಎರಡು ಮಾತು. ಮೇಲೆ ಹೇಳಿದ ಗ್ರಾಹಕ ಕಾನೂನೆಲ್ಲ ನಿಮ್ಮ ಮಿಕ್ಸಿ, ಮೊಬೈಲು, ಹೊಲಿಗೆ ಮಷೀನಿನ ರಿಪೇರಿಗೂ ಅನ್ವಯಿಸುತ್ತದೆ. ಎರಡನೆಯದು, ಕಳಚಿದ ಗಾಲಿ ಯಾರದು ಅಂತ ಕೇಳಿ ಬಂದು ಬಡಿಯುವುದಿಲ್ಲ. ಹೆದ್ದಾರಿ ಬದಿಯಲ್ಲಿ ಬಸ್ಸಿಗೆ ಕಾದು ನಿಂತವರೂ ಆ ಗಾಲಿಯ ದಾರಿಯಲ್ಲೇ ಇದ್ದೀರಿ.

ಕಡೆಯ ಮಾತು ಅಧಿಕಾರದಲ್ಲಿ ಇರುವವರಿಗೆ. ಚೌಕಿಪೇಟೆಯ ಕಿರಾಣಿ ಅಂಗಡಿಯವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ತೂಕ-ಅಳತೆ ಇಲಾಖೆಯ ಮುದ್ರೆ ಹಾಕಿಸಬೇಕು, ತಪ್ಪಿದರೆ ದಂಡ. ನೂರು ಗ್ರಾಂ ಬೆಲ್ಲದಲ್ಲಿ ಗಿರಾಕಿಗೆ ಮೋಸ ಆಗಬಾರದು ಅಂತ ಅಷ್ಟು ಕಾಳಜಿ. ಒಳ್ಳೆಯದೇ. ಆದರೆ ನಾಲ್ಕು ಜೀವ ಹೊತ್ತು ಓಡುವ ಗಾಲಿಯ ನಟ್ಟನ್ನು ಬಿಗಿಯುವ ಕೈ ಕಲಿತ ಕೈಯೇ, ಬಿಗಿದ ಮೇಲೆ ಇನ್ನೊಬ್ಬರು ನೋಡಿದರೇ ಅಂತ ವರ್ಷಕ್ಕೊಂದು ಸಲವಾದರೂ ಹೋಗಿ ಕೇಳುವ ಇಲಾಖೆ ಯಾವುದು? ಸಾರಿಗೆ ಇಲಾಖೆಯೋ, ಗ್ರಾಹಕ ವ್ಯವಹಾರ ಇಲಾಖೆಯೋ? ಜಿಲ್ಲಾಡಳಿತ ಉತ್ತರ ಕೊಟ್ಟರೆ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ. ಅಲ್ಲಿಯ ತನಕ ನಿಮ್ಮ ಕಾರಿಗೆ ನೀವೇ ಇನ್‌ಸ್ಪೆಕ್ಟರು. ಬಗ್ಗಿ ನೋಡಿ, ಓದಿ ಸಹಿ ಹಾಕಿ.